ನನ್ನ ಹಿಂದೆ ನಿಲ್ಲುವವರ ಪಾಳಿ

ನನ್ನ ಲೋಟದ ಕೊರಳಿಗೆ ಅವ್ವ ಕೆಂಪು ದಾರ ಕಟ್ಟಿದ್ದು ಎದೆಯ ಎಕ್ಸ್-ರೇ ತೆಗೆಸುವ ಮೊದಲು. ಅವ್ವ ಇದನ್ನು ಒಪ್ಪುವುದಿಲ್ಲ. ಡಾಕ್ಟರರು ರೋಗದ ಹೆಸರು ಹೇಳಿದ ಮೇಲೆಯೇ ಕಟ್ಟಿದ್ದು ಅನ್ನುತ್ತಾಳೆ. ಈ ಬಗ್ಗೆ ನಾವಿಬ್ಬರೂ ಎಷ್ಟು ಸಲ ಜಗಳವಾಡಿದ್ದೇವೆಂದರೆ, ಈಗ ನನಗೆ ನೆನಪಿರುವುದು ದಾರವೋ ಜಗಳವೋ ಹೇಳಲಾರೆ. ಹಿತ್ತಾಳೆಯ ಲೋಟ, ಎರಡು ಸುತ್ತು ದಾರ, ಒಂದು ಗಂಟು. ಇಷ್ಟು ಮಾತ್ರ ಖಚಿತ, ಯಾಕೆಂದರೆ ಆ ಲೋಟ ಇನ್ನೂ ನಮ್ಮ ಮನೆಯಲ್ಲಿದೆ.

ಎಲ್ಲೋ ಒಂದು ಹಿಂದಿನ ಕೋಣೆಯಲ್ಲಿ, ಬೇರೆ ಲೋಟದಲ್ಲಿ ನೀರು ಕುಡಿಯುತ್ತಿರುವವರು ಇದನ್ನು ಓದಬಹುದು. ಅವರಿಗೆ ಧೈರ್ಯ ಹೇಳುವ ಆಸೆ ನನಗಿದೆ. ಆದರೆ ಧೈರ್ಯ ಹೇಳಲು ಬಂದವರನ್ನೆಲ್ಲ ನಾನು ಆಗ ಅನುಮಾನದಿಂದಲೇ ನೋಡಿದೆ. ನನ್ನನ್ನೂ ನೀವು ಹಾಗೆಯೇ ನೋಡಿದರೆ ಬೇಸರವಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿಯ ಮಿಶನ್ ಕಾಂಪೌಂಡಿನೊಳಗೆ, ಚರ್ಚಿನ ಗೋಡೆಗೆ ಬೆನ್ನು ಹಚ್ಚಿದಂತಿದ್ದ ಸಾಲುಮನೆಯೊಂದರಲ್ಲಿ ಅವ್ವ ನಾನು ಇಬ್ಬರೇ ಇದ್ದೆವು. ಅಪ್ಪ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು, ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಕೆಮ್ಮು ಬಂದಾಗ ಸೀಮೆಸುಣ್ಣದ ಧೂಳು ಅಂದೆ. ಸಂಜೆಯ ಜ್ವರಕ್ಕೆ ಬಿಸಿಲು ಅಂದೆ. ಕರವಸ್ತ್ರದಲ್ಲಿ ಕೆಂಪು ಕಂಡ ದಿನ ಅನ್ನಲು ಏನೂ ಉಳಿಯಲಿಲ್ಲ. ಅದನ್ನು ಮಡಚಿ ಕೈಚೀಲದೊಳಗೆ ಹಾಕಿಕೊಂಡು ಆ ಗಂಟೆಯ ಪಾಠ ಮುಗಿಸಿದೆ. ಅವ್ವ ಬಟ್ಟೆ ಒಗೆಯುವಾಗ ಅದನ್ನು ಕಂಡಿರಬೇಕು. ದಾರ ಮೊದಲೇ ಬಂತು ಅನ್ನುವ ನನ್ನ ವಾದಕ್ಕೆ ಇದೊಂದೇ ಆಧಾರ.

ದೊಡ್ಡ ಆಸ್ಪತ್ರೆಯಲ್ಲಿ ಎದೆಯ ರೋಗದವರ ಪಡಸಾಲೆ ಬೇರೆಯೇ ಇತ್ತು. ಅಲ್ಲಿ ಬೆಂಚಿನ ಮೇಲೆ ಕೂತವರಲ್ಲಿ ಯಾರಿಗೂ ರೋಗವಿರಲಿಲ್ಲ. ಎಲ್ಲರೂ ಬೇರೆಯವರ ಸಲುವಾಗಿ ಬಂದವರು. ನನ್ನ ಪಕ್ಕದಲ್ಲಿ ಉಣಕಲ್‌ನ ಹೆಂಗಸೊಬ್ಬಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕೂತಿದ್ದಳು.

“ನಂದೇನಿಲ್ಲ ಬಿಡ್ರಿ,” ಅಂದಳು, ನಾನು ಕೇಳದಿದ್ದರೂ. “ನಮ್ಮ ಮಾವಗ ಗುಳಿಗಿ ಒಯ್ಯಾಕ ಬಂದೇನಿ.” ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಕಣ್ಣು ಒರೆಸಿಕೊಂಡು ಕೇಳಿದಳು, “ನಿಮ್ಮದು ಯಾರ ಸಲವಾಗಿರಿ?”

“ನಮ್ಮ ಅವ್ವನ ಸಲವಾಗಿ,” ಅಂದೆ.

ಅವ್ವ ನನ್ನ ಇನ್ನೊಂದು ಪಕ್ಕದಲ್ಲೇ ಇದ್ದಳು. ಉಣಕಲ್‌ನವಳು ಅವ್ವನನ್ನು ಮೇಲಿಂದ ಕೆಳಗೆ ನೋಡಿ, ಲೊಚಗುಟ್ಟಿ, ಸ್ವಲ್ಪ ದೂರ ಸರಿದು ಕೂತಳು.

ಡಾಕ್ಟರರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎದೆಯ ಬಲಗಡೆ, ಮೇಲ್ಭಾಗದಲ್ಲಿ, ಮಂಜು ಕೂತಂತೆ ಒಂದು ಬಿಳುಪು. ಅದನ್ನು ನೋಡಿ ನನಗೆ ಅನ್ನಿಸಿದ್ದು ಭಯವಲ್ಲ. ಇದು ನನ್ನದೇ ಫಿಲ್ಮೋ, ನನ್ನ ಹಿಂದೆ ಸಾಲಿನಲ್ಲಿದ್ದವಳದೋ ಎಂಬ ಅನುಮಾನ. ಕೇಳಿಯೂ ಬಿಟ್ಟೆ.

“ಹೆಸರು ಬರದೈತಲ್ಲ್ರಿ ಅಕ್ಕೋರ,” ಅಂದರು ಡಾಕ್ಟರರು, ಮೂಲೆಯ ಬಿಳಿ ಅಕ್ಷರ ತೋರಿಸಿ. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ದಿನಾ ಸೂಜಿ, ದಿನಾ ಗುಳಿಗೆ, ಉಳಿದ ವೇಳೆ ಮನೆಯಲ್ಲೇ ಮಲಗುವುದು. “ವಿಶ್ರಾಂತಿ ಅಂದ್ರ ಪೂರಾ ವಿಶ್ರಾಂತಿ. ಓದೂದು ಬ್ಯಾಡ, ಬರಿಯೂದು ಬ್ಯಾಡ, ಮಾತು ಕಡಿಮಿ. ಹಾಡೂದಂತೂ ಬ್ಯಾಡ ಬ್ಯಾಡ.”

“ಮಂದಿರದಾಗನೂ?” ಅಂತ ಅವ್ವ ಕೇಳಿದಳು. ಚರ್ಚಿಗೆ ನಮ್ಮಲ್ಲಿ ಮಂದಿರ ಅನ್ನುತ್ತಿದ್ದರು.

“ಮಂದಿರಕ್ಕ ಹೋಗೂ ಮಾತ ಇಲ್ಲ್ರಿ ತಾಯಿ. ಕಫದಾಗ ರೋಗದ ಜಂತು ಐತಿ. ಅದು ಹೋಗೂತನಕ ಮಂದಿ ನಡುವ ಬರಬಾರದು.”

ಹೀಗೆ ಹಿಂದಿನ ಕೋಣೆ ನನ್ನದಾಯಿತು. ಒಂದು ಚಾಪೆ, ಒಂದು ತಟ್ಟೆ, ದಾರದ ಲೋಟ, ಒಂದು ಚಮಚ, ಉಗುಳಲು ಮುಚ್ಚಳದ ಡಬ್ಬಿ, ಗೋಡೆಗೆ ಒಂದು ಶಿಲುಬೆ. ಸಭಾಪಾಲಕರು ನೋಡಲು ಬಂದರು. ಅವರನ್ನು ನಾವೆಲ್ಲ ಪಾಸ್ಟರ್ ಎಂದೇ ಕರೆಯುತ್ತಿದ್ದೆವು. ಮೃದು ಮಾತಿನವರು, ಮಾಳಮಡ್ಡಿಯ ಕಡೆ ಬೆಳೆದವರು. ಬಾಗಿಲ ಹತ್ತಿರ, ಗಾಳಿ ಹೊರಗೆ ಹೋಗುವ ಜಾಗದಲ್ಲಿ ಕುರ್ಚಿ ಹಾಕಿಸಿಕೊಂಡರು. ನಾನು ಗಮನಿಸಿದೆ. ಕೋಣೆಯನ್ನು ಸುತ್ತ ನೋಡಿ, “ಎಷ್ಟು ಸರಳ ಐತಿ ನೋಡ್ರಿ. ಸಂತರ ಕೋಣಿ ಇದ್ದಂಗ,” ಅಂದರು. ಸಂತರ ತಟ್ಟೆಯನ್ನು ಬೇರೆ ಇಟ್ಟು ತೊಳೆಯುತ್ತಿದ್ದರೇನು ಎಂದು ಕೇಳಬೇಕೆನಿಸಿತು. ಆದರೆ ಮಾತು ಕಡಿಮೆ ಮಾಡಬೇಕಿತ್ತಲ್ಲ.

“ದೇವರು ನಿಮಗ ಒಂದು ದೊಡ್ಡ ಸಬ್ಬತ್ತು ಕೊಟ್ಟಾನ,” ಅಂದರು. “ಸುಮ್ಮನ ಮಲಗೂದೂ ಆರಾಧನೀನ.”

ಸಬ್ಬತ್ತು ಅಂದರೆ ಕೆಲಸ ಬಿಟ್ಟು ದೇವರಿಗೆ ಮೀಸಲಿಡುವ ದಿನ, ನಮಗೆ ಭಾನುವಾರ. ಅವರ ಮಾತನ್ನು ನಾನು ತಿಂಗಳುಗಟ್ಟಲೆ ಮಗ್ಗುಲು ಬದಲಿಸುತ್ತ ಪರೀಕ್ಷಿಸಿದೆ. ಸೂಜಿಯಿಂದ ಕಿವಿಯಲ್ಲಿ ಸದಾ ಜೀರುಂಡೆಯ ಸದ್ದು. ಗುಳಿಗೆಯಿಂದ ಹೊಟ್ಟೆ ತೊಳಸುತ್ತಿತ್ತು. ಮಲಗಿದವಳ ತಲೆಯಲ್ಲಿ ದೇವರಿಗಿಂತ ಹೆಚ್ಚಾಗಿ ಬಂದವರು ಶಾಲೆಯ ಜತೆಗಾರ್ತಿಯರು. ನನ್ನ ತರಗತಿಯನ್ನು ಯಾರಿಗೆ ಕೊಟ್ಟಿರಬಹುದು, ನನ್ನ ಕುರ್ಚಿಯನ್ನು ತೊಳೆದಿರಬಹುದೇ. ವಿಶ್ರಾಂತಿ ಎಂದು ಹೊರಗಿನವರು ಕರೆಯುವುದು ಒಳಗಿದ್ದವರಿಗೆ ಬಹಳ ದುಡಿಮೆಯ ಕೆಲಸ. ಇದನ್ನು ಯಾರೂ ನನಗೆ ಮೊದಲು ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಜವಾದ ಸಬ್ಬತ್ತು ಏನೆಂದು ಗೊತ್ತಿದ್ದವಳು ಅವ್ವ. ನಮ್ಮ ಮನೆಯಲ್ಲಿ ಭಾನುವಾರ ಒಲೆ ಹೊತ್ತುತ್ತಿರಲಿಲ್ಲ. ಶನಿವಾರವೇ ರೊಟ್ಟಿ ಬಡಿದು ಖಡಕ್ಕಾಗಿ ಆರಿಸಿಟ್ಟು, ಶೇಂಗಾ ಚಟ್ನಿ ಕುಟ್ಟಿಟ್ಟು, ಮೊಸರಿಗೆ ಹೆಪ್ಪು ಹಾಕಿಬಿಡುತ್ತಿದ್ದಳು. ಅಪ್ಪ ತೀರಿಕೊಂಡ ವಾರವೂ ಆ ನಿಯಮ ಮುರಿದಿರಲಿಲ್ಲ. ನಾನು ಮಲಗಿದ ಮೊದಲನೆಯ ಭಾನುವಾರ ಮುಂಜಾನೆ ಒಲೆಯ ಹೊಗೆಯ ವಾಸನೆ ಬಂತು. ಕನಸು ಅಂದುಕೊಂಡೆ. ಅವ್ವ ಬಿಸಿ ಹಾಲು, ಬೇಯಿಸಿದ ತತ್ತಿ ತಂದಿಟ್ಟಳು. ಹಿಂದೆ ಇನ್ನೊಂದು ಪಾತ್ರೆಯಲ್ಲಿ ನನ್ನ ತಟ್ಟೆ, ಲೋಟ ಕುದಿಯುತ್ತಿದ್ದವು. ಗೋಡೆಯಾಚೆ ಚರ್ಚಿನ ಗಂಟೆ ಬಡಿಯುತ್ತಿತ್ತು.

ಪಕ್ಕದ ಮನೆಯ ಸಂತೋಷಮ್ಮ, ವಿಧವೆ, ಎಲ್ಲರಿಗೂ ಅತ್ತಿ, ಹಿತ್ತಿಲಿಂದಲೇ ಕೂಗಿದಳು. “ಐತವಾರ ಹೊಗಿ ಬರಾಕತ್ತೇತಲ್ಲಬೇ ನಿಮ್ಮ ಮನ್ಯಾಗ? ಬೆಂಕಿ ಬಿದ್ದೇತೇನು?”

“ಕರ್ತನೂ ಸಬ್ಬತ್ ದಿನಾ ಮಂದೀನ ವಾಸಿ ಮಾಡ್ಯಾನ,” ಅಂದಳು ಅವ್ವ. “ನಾ ಬರೇ ಹಾಲು ಕಾಸಾಕತ್ತೇನಿ.”

“ಕಾಸು, ಕಾಸು. ನಾ ಯಾಕ ಕೇಳಿದೆ ಅಂದ್ರ, ಹೆಂಗೂ ಹೊತ್ತಿಸಿ, ನನಗೂ ಒಂದು ಬಟ್ಟಲ ಚಾ ಮಾಡು.”

ಅವ್ವ ನಿಯಮ ಮುರಿದದ್ದು ನನ್ನ ಮೇಲಿನ ಪ್ರೀತಿಯಿಂದ ಎಂದು ಈಗ ಬರೆಯುವುದು ಸುಲಭ. ಆಗ ನನಗೆ ಅನ್ನಿಸಿದ್ದೇ ಬೇರೆ. ಇಷ್ಟು ವರ್ಷ ಮುರಿಯದಿದ್ದದ್ದನ್ನು ಈಗ ಮುರಿಯುತ್ತಾಳೆಂದರೆ ನಾನು ಉಳಿಯುವುದಿಲ್ಲವೆಂದು ಡಾಕ್ಟರರು ಇವಳಿಗೆ ಬೇರೆ ಕರೆದು ಹೇಳಿರಬೇಕು. ತತ್ತಿ ತಿನ್ನುತ್ತ ಅವಳ ಮುಖದಲ್ಲಿ ಅದನ್ನೇ ಹುಡುಕಿದೆ.

ಭಾನುವಾರದ ಆರಾಧನೆ ಗೋಡೆಯ ಮೂಲಕ ಬರುತ್ತಿತ್ತು. ಪಾಸ್ಟರರ ಪ್ರಸಂಗ ಗುಜುಗುಜು ಕೇಳುತ್ತಿತ್ತು, ಹಾಡು ಮಾತ್ರ ಸ್ಪಷ್ಟ. ಹಾಡಬಾರದಲ್ಲ, ತುಟಿ ಮಾತ್ರ ಆಡಿಸುತ್ತಿದ್ದೆ. ನನ್ನ ದನಿ ಇಲ್ಲದೆಯೂ ಹಾಡು ಪೂರ್ತಿಯಾಗಿ ಕೇಳುತ್ತಿತ್ತು. ಅದೇ ಹೆಚ್ಚು ನೋವು.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ರೊಟ್ಟಿ ಮುರಿದು ಕೊಡುತ್ತಾರೆ, ಬೆಳ್ಳಿಯ ಒಂದೇ ಪಾತ್ರೆಯಿಂದ ಎಲ್ಲರೂ ದ್ರಾಕ್ಷಾರಸ ಕುಡಿಯುತ್ತಾರೆ. ಮೊದಲು ಗಂಡಸರು, ಆಮೇಲೆ ಹೆಂಗಸರು, ಒಬ್ಬರ ಹಿಂದೆ ಒಬ್ಬರು. ಪ್ರತಿಯೊಬ್ಬರಾದ ಮೇಲೆ ಪಾಸ್ಟರ್ ಬಿಳಿ ಅರಿವೆಯಿಂದ ಅಂಚು ಒರೆಸಿ, ಪಾತ್ರೆಯನ್ನು ಸ್ವಲ್ಪ ತಿರುಗಿಸುತ್ತಾರೆ. ಊರಿನಲ್ಲಿ ಒಬ್ಬರ ಎಂಜಲು ಒಬ್ಬರು ಮುಟ್ಟದ ಕಾಲ. ನಮ್ಮ ಅಜ್ಜ ಈ ಧರ್ಮಕ್ಕೆ ಬಂದಾಗ ಅವನ ಜಾತಿಯವರು ಕೇಳಿದ ಮೊದಲ ಮಾತೇ, ಎಲ್ಲರ ಎಂಜಲ ಕುಡೀತೀಯಂತಲ್ಲ ಎಂದು. ಅವ್ವ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ಹಾಗಾಗಿ ಆ ಪಾತ್ರೆ ನಮಗೆ ಬರೀ ಪಾತ್ರೆಯಾಗಿರಲಿಲ್ಲ. ಅದರಿಂದ ಕುಡಿದವಳು ಸಭೆಯವಳು.

ನಾನು ಮಲಗಿದ್ದಾಗ ಪಾಸ್ಟರ್ ಭೋಜನವನ್ನು ಮನೆಗೇ ತಂದರು. ಸಣ್ಣ ಗಾಜಿನ ಬಟ್ಟಲು, ಬೆರಳಿನಷ್ಟೇ.

“ಇದರಾಗ ನನ್ನ ನಂತರ ಯಾರು ಕುಡೀತಾರ್ರಿ?” ಎಂದು ಕೇಳಿದೆ.

ಅವರು ಬಟ್ಟಲನ್ನು ನೋಡಿದರು. “ಇದು ಬ್ಯಾನಿ ಬಿದ್ದವರ ಸಲವಾಗಿನ ಇಟ್ಟದ್ದು.”

“ಅಂದ್ರ ಇನ್ನೊಬ್ಬ ಬ್ಯಾನಿಯವರು.”

“ಸುಶೀಲಾಬಾಯಿ,” ಅಂದರು, ಬಹಳ ದಣಿದವರಂತೆ, “ಕುಡೀರಿ.”

ಕುಡಿದೆ. ಅದು ಗುಳಿಗೆ ನುಂಗುವ ನೀರಿನಂತೆ ಒಳಗೆ ಹೋಯಿತು. ಅವತ್ತು ನನಗೆ ಒಂದು ಆಸೆ ಹುಟ್ಟಿತು. ಬದುಕುವ ಆಸೆಗಿಂತಲೂ ಅದು ಸ್ಪಷ್ಟವಾಗಿತ್ತು. ಆ ಬೆಳ್ಳಿಯ ಪಾತ್ರೆಯಿಂದ ಮತ್ತೆ ಕುಡಿಯಬೇಕು, ಮತ್ತು ನಾನು ಬಾಯಿ ಹಚ್ಚಿದ ಮೇಲೆ ಇನ್ನೊಬ್ಬರು ಕುಡಿಯುವುದನ್ನು ನೋಡಬೇಕು. ಡಾಕ್ಟರರ ಕಾಗದಕ್ಕಿಂತ ಆ ಗುಟುಕನ್ನು ನಂಬುವೆ ಎಂದುಕೊಂಡೆ.

ಒಂದು ವರ್ಷ ದಾಟಿದ ಮೇಲೆ ಕಫದಲ್ಲಿ ಜಂತು ಇಲ್ಲ ಅಂದರು. ಮತ್ತೆ ಪರೀಕ್ಷೆ ಮಾಡಿದರು, ಮತ್ತೂ ಮಾಡಿದರು. “ಇನ್ನ ನಿಮ್ಮಿಂದ ಯಾರಿಗೂ ಏನೂ ಆಗಂಗಿಲ್ಲ. ಗುಳಿಗಿ ಬಿಡಬ್ಯಾಡ್ರಿ, ಮಂದಿರಕ್ಕ ಹೋಗ್ರಿ, ಹಾಡಬ್ಯಾಡ್ರಿ,” ಅಂದರು ಡಾಕ್ಟರರು. ಅವ್ವ ಪಡಸಾಲೆಯಲ್ಲಿ ಅತ್ತಳು. ಉಣಕಲ್‌ನವಳು ಅಲ್ಲಿದ್ದಾಳೇನೋ ಎಂದು ನಾನು ಹುಡುಕಿದೆ. ಕಾಣಲಿಲ್ಲ. ವಾಸಿಯಾಗಿ ಬರುವುದನ್ನು ಬಿಟ್ಟಿರಬಹುದು.

ಮೊದಲ ಭಾನುವಾರ ಚರ್ಚಿಗೆ ಹೋದೆ. ಎಲ್ಲರೂ ನಕ್ಕರು, ಕೈ ಮುಗಿದರು. ನನ್ನ ಬೆಂಚಿನಲ್ಲಿ ಅವ್ವ, ನಾನು, ಆಮೇಲೆ ಇಬ್ಬರು ಕೂರುವಷ್ಟು ಖಾಲಿ ಜಾಗ. ಜಾಗ ಮೊದಲೂ ಖಾಲಿ ಇರುತ್ತಿತ್ತು ಎಂದು ಅವ್ವ ಅನ್ನುತ್ತಾಳೆ. ಭೋಜನದ ಹೊತ್ತಿಗೆ ನಾನು ಎದ್ದೇಳಲಿಲ್ಲ. ಎಲ್ಲರೂ ಹೋಗಲಿ ಎಂದು ಕಾದೆ. ಕೊನೆಯವಳಾದರೆ ಯಾರಿಗೂ ಕಷ್ಟವಿಲ್ಲ. ಉಳಿದ ರಸವನ್ನು ಹೊರಗೆ ಗಿಡದ ಬುಡಕ್ಕೆ ಸುರಿಯುವುದು ನಮ್ಮಲ್ಲಿ ಪದ್ಧತಿ. ಗಿಡಕ್ಕೆ ಕ್ಷಯ ಬರುವುದಿಲ್ಲ. ಅವ್ವ ನನ್ನ ಮುಂದೆ ಹೋಗಿ ಕುಡಿದಳು. ನನಗಿಂತ ಮುಂದೆ. ಅದನ್ನೂ ಗಮನಿಸಿದೆ.

ನನ್ನ ಸರದಿ ಬಂದಾಗ ಪಾಸ್ಟರ್ ಪಾತ್ರೆಯನ್ನು ಮುಂದೆ ಹಿಡಿದರು. ಕುಡಿದೆ. ರಸದಲ್ಲಿ ಲವಂಗದ ವಾಸನೆ. ಹಿಂದೆಂದೂ ಇರದ ವಾಸನೆ. ತಿರುಗಿ ಹೊರಟರೆ ನನ್ನ ಹಿಂದೆ ಸಂತೋಷತ್ತಿ ನಿಂತಿದ್ದಾಳೆ. ಅವಳು ಸಾಮಾನ್ಯವಾಗಿ ಹೆಂಗಸರಲ್ಲಿ ಮೊದಲನೆಯವಳು, ಯಾರನ್ನೂ ಮುಂದೆ ಬಿಡುವವಳಲ್ಲ. ಪಾಸ್ಟರ್ ಅಂಚು ಒರೆಸಿದರು, ತಿರುಗಿಸಿದರು. ಹೆಚ್ಚೇ ತಿರುಗಿಸಿದರು ಅನ್ನಿಸಿತು. ಅತ್ತಿ ದೊಡ್ಡ ಗುಟುಕು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ನಾನು ನೋಡಬೇಕೆಂದಿದ್ದು ಅದೇ ಅಲ್ಲವೇ? ಆದರೂ ಮನಸ್ಸು ಹೋದದ್ದು ಲವಂಗದ ಕಡೆಗೆ. ದ್ರಾಕ್ಷಾರಸ ಮಾಡುವವಳು ಅತ್ತಿಯೇ. ಒಣದ್ರಾಕ್ಷಿ ನೆನೆಸಿ, ಕುದಿಸಿ, ಕೈಯಿಂದ ಹಿಂಡಿ ಸೋಸುತ್ತಾಳೆ. ಜಂತು ಸಾಯಲೆಂದು ಲವಂಗ ಹಾಕಿರಬೇಕು. ಅಂಗಳದಲ್ಲಿ ಹಿಡಿದು ಕೇಳಿದೆ.

“ರಸಕ್ಕ ಲವಂಗ ಯಾಕ ಹಾಕಿದ್ರಿ ಅತ್ತಿ?”

ಅತ್ತಿ ತನ್ನ ಬೆರಳು ಮೂಸಿ ನೋಡಿಕೊಂಡಳು. “ಅಯ್ಯ, ಹತ್ತಿಬಿಟ್ಟೇತೇನು? ಹಲ್ಲು ನೋಯಾಕತ್ತಿತ್ತವಾ. ಲವಂಗದ ಎಣ್ಣಿ ತಿಕ್ಕಿದ ಕೈಲೇ ಹಿಂಡೀನಿ ಕಾಣತೈತಿ. ಪಾಸ್ಟರಗ ಹೇಳಬ್ಯಾಡ.”

ಬಾಯಿ ತೆರೆದು ಹುಳುಕು ಹಲ್ಲನ್ನೂ ತೋರಿಸಿದಳು. ಹಲ್ಲು ನಿಜವಿತ್ತು. ಅದರಿಂದ ಉತ್ತರವೂ ನಿಜವಾಗಬೇಕೆಂದೇನಿಲ್ಲ ಎಂದುಕೊಳ್ಳುತ್ತ ಮನೆಗೆ ಬಂದೆ.

ಮುಂದಿನ ತಿಂಗಳೂ ಕೊನೆಗೆ ಕಾದೆ. ಈ ಸಲ ಹಿಂದೆ ನಿಂತದ್ದು ಪಾಸ್ಟರರ ಹೆಂಡತಿ. ಅದರ ಮುಂದಿನ ತಿಂಗಳು ಯೋಹಾನಪ್ಪ ಕಾಕಾ, ಸಭೆಯ ಹಿರಿಯರು, ಚರ್ಚಿನ ಕೀಲಿಕೈ ಅವರ ಹತ್ತಿರ. ಗಂಡಸರೆಲ್ಲ ಕುಡಿದು ಕೂತಾಗಿತ್ತು. ಹೆಂಗಸರ ಸಾಲಿನ ಕೊನೆಯಲ್ಲಿ ಬಿಳಿ ಮೀಸೆಯ ಕಾಕಾ ಒಬ್ಬರೇ, ಟೋಪಿ ಎದೆಗೆ ಒತ್ತಿಕೊಂಡು ನಿಂತಿದ್ದರು. ಗಂಡಸರ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನನಗೆ ನಗು ಬರಲಿಲ್ಲ. ಮೂರು ಸಲ ಮೂವರು. ಆರಾಧನೆ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುವ ನೆವದಿಂದ ಕಂಬದ ಮರೆಯಲ್ಲಿ ಬಗ್ಗಿದೆ. ಕಾಕಾ ಸಂತೋಷತ್ತಿಗೆ ಹೇಳುತ್ತಿದ್ದರು.

“ನನ್ನ ಪಾಳಿ ಮುಗೀತವಾ. ಮುಂದಿನ ತಿಂಗಳು ಹೊಳ್ಳಿ ನಿಂದು.”

“ಗೊತ್ತೈತಿ. ನೀ ಮಾತ್ರ ಇನ್ನೊಮ್ಮಿ ನಿಂದ್ರೂ ಮುಂದ ಸೀರಿ ಉಟಗೊಂಡು ಬಾ. ನಗಿ ಬಂದು ಬಾಯಾಗ ಹಾಡು ಹೊಳ್ಳವಲ್ದಾತು ಮಂದಿಗೆ.”

ಪಾಳಿ. ಬಾವಿಯಲ್ಲಿ ನೀರು ಸೇದಲು ಪಾಳಿ, ಗಿರಣಿಯಲ್ಲಿ ಕೆಲಸಕ್ಕೆ ಪಾಳಿ. ನನ್ನ ಎಂಜಲು ಕುಡಿಯಲೂ ಪಾಳಿ ಹಚ್ಚಿದ್ದರು.

ಅವ್ವ ಕಟ್ಟೆಯ ಮೇಲೆ ಕೂತು ಹಿಂದಿನ ದಿನದ ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸುತ್ತಿದ್ದಳು. ನನ್ನ ಮುಖ ನೋಡಿಯೇ ಗೊತ್ತಾಯಿತೆಂದು ಕಾಣುತ್ತದೆ, ಕೇಳುವ ಮೊದಲೇ ಹೇಳಿದಳು. “ನಾನ ಕೇಳೀನಿ. ಮನಿ ಮನಿಗೆ ಹೋಗಿ ಕೇಳೀನಿ.”

“ಏನಂತ ಕೇಳಿದಿ?”

“ನನ್ನ ಮಗಳು ಕಡೀಕ ನಿಂದರತಾಳ. ಆಕಿ ಹಿಂದ ಯಾರರ ನಿಂದರ್ರಿ ಅಂತ.”

“ನಾ ಕಡೀಕ ನಿಂದರ್ತೀನಿ ಅಂತ ನಿನಗ್ಹ್ಯಾಂಗ ಗೊತ್ತಿತ್ತು? ಇನ್ನೂ ನಿಂತ ಇರಲಿಲ್ಲಲ್ಲ.”

“ನಾ ನಿನ್ನ ಹಡದೇನಿ,” ಅಂದಳು.

“ಎಷ್ಟು ಮಂದಿ ಹೂಂ ಅಂದ್ರು?”

“ಮೂರು.”

“ಇಲ್ಲ ಅಂದವರು?”

“ಅದನ್ನ ಹೇಳಂಗಿಲ್ಲ. ಅವರ ಜೋಡಿ ನೀ ಇನ್ನ ಭಾಳ ವರ್ಷ ಹಾಡು ಹಾಡಬೇಕು.”

ನನಗೆ ಸಿಟ್ಟು ಎಲ್ಲಿಂದ ಬಂತೋ. “ಮನ್ಯಾಗ ನನ್ನ ಲೋಟಕ್ಕ ದಾರ ಕಟ್ಟೀ. ಅಲ್ಲೆ ಮಂದಿ ಕಾಲು ಹಿಡದು ನನ್ನ ಎಂಜಲ ಕುಡಸ್ತೀ. ನೀ ಯಾಕ ನಿಂದರಲಿಲ್ಲ ನನ್ನ ಹಿಂದ? ನೀ ಯಾವಾಗೂ ಮುಂದ ನಿಂತಿ.”

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. “ದಾರ ಕಟ್ಟಂತ ಡಾಕ್ಟರ್ ಹೇಳಿದ್ರು, ಕಟ್ಟೀನಿ. ಮಂದಿರಕ್ಕ ಹೋಗಂತ ಡಾಕ್ಟರ್ ಹೇಳಿದ ಮ್ಯಾಲ ಮಂದೀನ ಕೇಳೀನಿ. ನಾ ನಿನ್ನ ಹಿಂದ ನಿಂತು ಕುಡದ್ರ ಏನಾತು? ತಾಯಿ ಕುಡೀತಾಳ. ಅದು ಸಭಾ ಆಗತೈತೇನು?”

ಅವಳ ಮಾತು ಸರಿಯಿದ್ದ ಮಾತ್ರಕ್ಕೆ ಸಿಟ್ಟು ಇಳಿಯುವುದಿಲ್ಲ. ಕೇಳಿ ಪಡೆದ ಪ್ರೀತಿ, ಸರದಿಯ ಮೇಲೆ ಬಂದ ಪ್ರೀತಿ, ಅದು ಪ್ರೀತಿಯೋ ಬಿಟ್ಟಿ ಕೆಲಸವೋ? ಮುಂದಿನ ಮೊದಲ ಭಾನುವಾರ ತಲೆನೋವೆಂದು ಹೇಳಿ ಹಿಂದಿನ ಕೋಣೆಯಲ್ಲೇ ಮಲಗಿದೆ. ಗೋಡೆಯಾಚೆಯ ಹಾಡು ಕೇಳುತ್ತ, ಈಗಲಾದರೂ ಇದು ನಿಜವಾದ ವಿಶ್ರಾಂತಿ, ಯಾರಿಗೂ ನನ್ನಿಂದ ಭಾರವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅವ್ವ ಬಂದವಳು ಸೀರೆಯನ್ನೂ ಬದಲಿಸದೆ ಬಾಗಿಲಲ್ಲಿ ನಿಂತಳು.

“ಸಂತೋಷಮ್ಮ ಇವತ್ತು ಕುಡೀಲಿಲ್ಲ.”

“ಯಾಕ?”

“ಆಕಿ ಪಾಳಿ ಇತ್ತು. ನಿನ್ನ ದಾರಿ ಕಾಯ್ಕೋತ ಬೆಂಚ ಮ್ಯಾಲ ಕುಂತಳು. ಎಲ್ಲಾರ್ದೂ ಆತು. ಪಾಸ್ಟರ್ ಕರದ್ರು. ಸುಶೀ ಬರವಲ್ಲಳ್ರಿ, ಆಕಿ ಹಿಂದ ಕುಡೀತೀನಂತ ಮಾತು ಕೊಟ್ಟೇನಿ ಅಂದಳು. ರಸ ಗಿಡಕ್ಕ ಹೋತು.”

ಎದ್ದು ಹಿತ್ತಿಲ ಬೇಲಿಯ ಹತ್ತಿರ ಹೋದೆ. ಅತ್ತಿ ಬಟ್ಟಲಲ್ಲಿ ಏನೋ ನೆನೆಹಾಕಿ ಕೂತಿದ್ದಳು. ಹಲ್ಲು ಕೀಳಿಸಿದ್ದರಿಂದ ಕೆನ್ನೆ ಊದಿತ್ತು.

“ಹಂಗ ಯಾಕ ಮಾಡಿದ್ರಿ ಅತ್ತಿ? ನಾ ಬರಲಿಲ್ಲ ಅಂದ್ರ ನೀವು ಕುಡೀಬೇಕಿತ್ತು.”

“ಪಾಳಿ ಅಂದ್ರ ಪಾಳಿ,” ಅಂದಳು ಅತ್ತಿ. ಆಮೇಲೆ ನನ್ನನ್ನು ಓರೆಗಣ್ಣಿನಿಂದ ನೋಡಿದಳು. “ನಿಮ್ಮವ್ವ ಕೇಳಿದಾಗ ನಾ ಏನಂದೆ ಗೊತ್ತೈತೇನು? ಒಲ್ಲೆ ಅಂದೆ. ಅಂಜಿಕಿ ಬಂತು. ನನ್ನ ತಂಗಿ ಇದ ಬ್ಯಾನಿಲೆ ಹೋದಾಕಿ. ಒಂದು ವಾರ ವಿಚಾರ ಮಾಡಿ ಹೂಂ ಅಂದೆ. ಹೂಂ ಅಂದ ಮ್ಯಾಲ ಹೊಳ್ಳಂಗಿಲ್ಲ. ನೀ ಬಂದ್ರ ಕುಡೀತೀನಿ, ಬರಲಿಲ್ಲ ಅಂದ್ರ ನಂದೂ ಇಲ್ಲ.”

“ಈಗೂ ಅಂಜಿಕಿ ಐತೇನು?”

“ಇರದ ಏನು? ಮಸ್ತ ಐತಿ. ಅಂಜಿಕಿ ಹೋದ ಮ್ಯಾಲ ಕುಡೀತೀನಿ ಅಂದ್ರ ಕುಡಿಯೂದ ಯಾವಾಗ.”

ಇಷ್ಟನ್ನೇ ಹೇಳಿದಳೋ, ನಾನು ಇಷ್ಟು ವರ್ಷ ತಿದ್ದಿ ತಿದ್ದಿ ಹೀಗಾಗಿದೆಯೋ. ಅಂಜಿಕೆ ಇದೆ ಅಂದದ್ದು ಮಾತ್ರ ಖಂಡಿತ, ಯಾಕೆಂದರೆ ಮೊದಲ ಸಲ ಒಬ್ಬರನ್ನು ನಾನು ಅನುಮಾನಿಸದೆ ನಂಬಿದ್ದು ಆ ಮಾತಿಗಾಗಿ. ಪಾಸ್ಟರ್ ಆಗಲಿ, ಶಾಲೆಯವರಾಗಲಿ, ನಗುನಗುತ್ತ ಬಂದವರಲ್ಲಿ ಯಾರೂ ನನಗೆ ಹೆದರುತ್ತೇನೆಂದು ಹೇಳಿರಲಿಲ್ಲ.

ಮುಂದಿನ ತಿಂಗಳು ಹೋದೆ. ಕೊನೆಗೆ ನಿಂತೆ. ಪಾಳಿ ಮುಂದುವರಿಯಿತು. ಯಾವಾಗ ನಿಂತಿತೋ ಹೇಳಲಾರೆ. ಒಂದು ದಿನ ನೋಡಿದರೆ ನಾನು ಸಾಲಿನ ನಡುವೆ ಇದ್ದೆ, ಹಿಂದೆ ಯಾರೆಂದು ತಿರುಗಿ ನೋಡಿರಲಿಲ್ಲ. ಶಾಲೆಗೆ ಮರಳಿದೆ. ಮೆಲ್ಲಗೆ ಹಾಡಲೂ ಶುರು ಮಾಡಿದೆ. ದಾರದ ಲೋಟ ಈಗ ಬಚ್ಚಲಿನ ಕಟ್ಟೆಯ ಮೇಲಿದೆ, ಅದರಿಂದ ಅವ್ವನೂ ಬಾಯಿ ಮುಕ್ಕಳಿಸುತ್ತಾಳೆ. ದಾರ ಬಿಚ್ಚಿಲ್ಲ. ಅದನ್ನು ಬಿಚ್ಚಬೇಕಾದವರು ಯಾರೆಂದು ನಾವಿಬ್ಬರೂ ಮಾತಾಡಿಲ್ಲ.

ಹೋದ ವರ್ಷ ಮಳೆಗಾಲದ ಮೊದಲು ಕಮರಿಪೇಟೆಯಿಂದ ರೆಬೆಕ್ಕಾ ಎಂಬ ಹುಡುಗಿ ನಮ್ಮ ಸಭೆಗೆ ಬಂದಳು. ಮದುವೆಯಾಗಿ ಬಂದವಳು. ಬಂದ ಮೇಲೆ ಬೇನೆ ಬಿದ್ದು, ಬಹಳ ದಿನ ಆಸ್ಪತ್ರೆಯಲ್ಲಿದ್ದು, ಈಗ ಜಂತು ಇಲ್ಲವೆಂದು ಕಾಗದ ಪಡೆದವಳು. ಅವಳ ಗಂಡ ನಮ್ಮ ಬಾಗಿಲಿಗೆ ಬಂದ. ಅವ್ವನನ್ನು ಹೊರಗೆ ಕರೆದು ಏನೋ ಮಾತಾಡಿದ. ಅವನು ಹೋದ ಮೇಲೆ ಅವ್ವ, ಈಗ ಕಣ್ಣು ಸರಿಯಾಗಿ ಕಾಣದವಳು, ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

“ಈ ತಿಂಗಳ ನಿಂದು ಪಾಳಿ.”

“ನನಗೊಮ್ಮಿ ಆಗಿ ಹೋಗೇತಿ. ಹೊಳ್ಳಿ ಬಂದ್ರ? ಬ್ಯಾರೇದವರನ್ನ ಕೇಳು. ನಾನರ ಬ್ಯಾಡ.”

“ಅದಕ್ಕ ನೀನ,” ಅಂದಳು. ಡಾಕ್ಟರರ ಹತ್ತಿರ ಹೋಗಿ ಕೇಳಿದೆ. ಏನೂ ಆಗುವುದಿಲ್ಲ ಅಂದರು. ಡಾಕ್ಟರರಲ್ಲವೇ, ಅನ್ನಲೇಬೇಕು ಎಂದುಕೊಂಡು ಬಂದೆ.

ಭಾನುವಾರ ರೆಬೆಕ್ಕಾ ಎಲ್ಲರೂ ಹೋಗಲಿ ಎಂದು ಕಾದಳು. ನಾನೂ ಬೆಂಚಿನಲ್ಲೇ ಕಾದೆ. ಅವಳು ಎದ್ದಾಗ ಎದ್ದೆ. ಅವಳ ಜಡೆ, ಬೆವತ ಕತ್ತು, ಆಸ್ಪತ್ರೆಯಲ್ಲಿ ಸೊರಗಿದ ಹೆಗಲು ಕಣ್ಣ ಮುಂದೆ. ಅವಳು ಕುಡಿದಳು. ಪಾಸ್ಟರ್ ಈಗ ಬೇರೆಯವರು, ಇನ್ನೂ ಚಿಕ್ಕ ವಯಸ್ಸಿನವರು. ಅಂಚನ್ನು ಒರೆಸಿದರು, ತಿರುಗಿಸಿದರು. ಇನ್ನಷ್ಟು ತಿರುಗಿಸಲಿ ಎಂದು ನನ್ನ ಮನಸ್ಸು ಬೇಡಿಕೊಂಡಿತು. ಅಷ್ಟು ವರ್ಷ ಎಲ್ಲರ ಮುಖದಲ್ಲಿ ನಾನು ಹುಡುಕಿದ ಅಂಜಿಕೆ, ಒದ್ದೆಯಾಗಿ, ಬೆಳ್ಳಿಯ ತಣ್ಣಗಿನ ರುಚಿಯಾಗಿ, ನನ್ನ ತುಟಿಯ ಮೇಲೆಯೇ ಇತ್ತು.

ರೆಬೆಕ್ಕಾ ತನ್ನ ಬೆಂಚಿಗೆ ಹೋಗಿರಲಿಲ್ಲ. ಕಂಬದ ಹತ್ತಿರ ನಿಂತು ತಿರುಗಿ ನೋಡುತ್ತಿದ್ದಳು. ಪಾತ್ರೆಯನ್ನಲ್ಲ, ನನ್ನ ಗಂಟಲನ್ನು. ಬರೀ ಬಾಯಿ ಹಚ್ಚಿ ಕೊಡುತ್ತೇನೋ, ನಿಜಕ್ಕೂ ಕುಡಿಯುತ್ತೇನೋ ಎಂದು.

ಮುಖವನ್ನು ಸ್ವಲ್ಪ ಅವಳ ಕಡೆ ತಿರುಗಿಸಿ, ಅವಳಿಗೆ ಕಾಣುವಂತೆ, ದೊಡ್ಡ ಗುಟುಕು ನುಂಗಿದೆ. ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಅವಳ ಜಾಗದಲ್ಲಿದ್ದರೆ ನಾನು ನಂಬುತ್ತಿರಲಿಲ್ಲ. ಮುಂದಿನ ತಿಂಗಳೂ ನನ್ನದೇ ಪಾಳಿ ಇರಲಿ ಎಂದು ಅವ್ವನಿಗೆ ಹೇಳಿದ್ದೇನೆ.